ಹೆಗಲ ಮೇಲೆ ಎರಡು ಬೆರಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗಂಟಲಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಕೊಡುವವರಿಗೆ ಮಾತ್ರ ನೆನಪಿತ್ತು. ಹೊರರೋಗಿಗಳ ವಿಭಾಗದ ಬಾಗಿಲಲ್ಲಿ ನಿಂತು, ಕೈಗೆ ಬಂದ ಫೈಲು ನೋಡಿ, ಒಳಗೆ ಹೋಗಬೇಕಾದವರನ್ನು ಕೂಗಿ ಕರೆಯುವುದು ಅವಳ ಕೆಲಸ. ಒಂದು ಸಲ ಬಾಯಿ ತೆರೆದಳೆಂದರೆ ಆ ತುದಿಯ ಔಷಧಿ ಕಿಟಕಿಯಲ್ಲಿ ನಿಂತವರೂ ತಿರುಗಿ ನೋಡಬೇಕು. “ಇವಳಿಗೆ ಮೈಕು ಯಾಕೆ? ಮೈಕಿಗೇ ಇವಳು ಬೇಕು” ಎಂದು ಅವಳ ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದ. ಅವಳಿಗೂ ಆ ಮಾತು ಕೇಳಲು ಇಷ್ಟವೇ ಇತ್ತು.

ಮೊದಮೊದಲು ಹೆಸರಿನ ಜೊತೆ ಕಾಯಿಲೆಯನ್ನೂ ಸೇರಿಸಿ ಕೂಗುವುದು ಅಲ್ಲಿಯ ರೂಢಿ. ಒಂದೇ ಹೆಸರಿನವರು ಬೆಂಚಿನ ತುಂಬ ಕೂತಿದ್ದರೆ ಇನ್ನೇನು ಮಾಡಬೇಕು? “ಮೂಲವ್ಯಾಧಿಯವರು ಯಾರ್ರೀ? ಎದ್ದು ಬನ್ನಿ, ನಾಚಿಕೊಂಡು ಕೂತ್ರೆ ವಾಸಿ ಆಗಲ್ಲ!” ಎಂದು ಅವಳು ಕೂಗಿದರೆ ಬೆಂಚಿಗೆ ಬೆಂಚೇ ಕಿಸಕ್ಕನೆ ನಗುತ್ತಿತ್ತು. ಕೂರಲಾರದೆ ಕೂತಿದ್ದ ಆ ಬಡಪಾಯಿ ಮಾತ್ರ ಗೋಡೆ ನೋಡುತ್ತಾ ಎದ್ದು ಬರುತ್ತಿದ್ದ. ಫೈಲುಗಳು ಮೇಜಿನ ಮೇಲೆ ತೆರೆದೇ ಬಿದ್ದಿರುತ್ತಿದ್ದವು. ಹೋಗುವವರು ಬರುವವರು ಪುಟ ತಿರುವಿ, “ಅಯ್ಯೋ, ಇದು ನಮ್ಮ ಪಕ್ಕದ್ಮನೆಯವರದ್ದು!” ಎಂದು ಬಾಯಿಗೆ ಕೈ ಇಟ್ಟುಕೊಳ್ಳುವುದೂ ಇತ್ತು. ಇದರಲ್ಲಿ ತಪ್ಪೇನಿದೆ ಎಂದು ದೊಡ್ಡ ದೊಡ್ಡ ಡಾಕ್ಟರುಗಳಿಗೇ ಅನ್ನಿಸಿರಲಿಲ್ಲ. ಇನ್ನು ಬಾಗಿಲು ಕಾಯುವವಳಿಗೆ ಎಲ್ಲಿಂದ ಅನ್ನಿಸಬೇಕು?

ಅನ್ನಿಸಿದ್ದು ಒಬ್ಬ ಹುಡುಗಿಯಿಂದ. ಬಸಿರಿನ ಪರೀಕ್ಷೆಗೆ ಬಂದಿದ್ದ ಹುಡುಗಿ, ಮದುವೆಯಾಗಿರಲಿಲ್ಲ. ಗಂಟಲಮ್ಮ ಎಂದಿನಂತೆ ಹೆಸರನ್ನೂ ಪರೀಕ್ಷೆಯನ್ನೂ ಒಂದೇ ಉಸಿರಿಗೆ ಕೂಗಿದಳು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದಳು. ಆಗಲೂ ಇಲ್ಲ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಆ ಹುಡುಗಿ ಎದ್ದು, ಡಾಕ್ಟರ ಕೋಣೆಯ ಕಡೆಗಲ್ಲ, ಬೀದಿಯ ಕಡೆಗೆ ನಡೆದುಬಿಟ್ಟಳು. ಮತ್ತೆ ಯಾವತ್ತೂ ಬರಲಿಲ್ಲ. ಅವಳಿಗೆ ಮುಂದೇನಾಯಿತೋ ಯಾರಿಗೂ ಗೊತ್ತಿಲ್ಲ. ಆ ದಿನ ಗಂಟಲಮ್ಮನಿಗೆ ಊಟ ಸೇರಲಿಲ್ಲ. ತನ್ನ ಗಂಟಲಿನ ಮೇಲೆ ತನಗೇ ಅಸಹ್ಯ ಹುಟ್ಟಿತು.

ಹಾಗಾಗಿ ಮನೋರೋಗ ವಿಭಾಗಕ್ಕೆ ಬಂದ ಹೊಸ ಮೇಡಂ ಡಾಕ್ಟರು ಅವಳನ್ನು ಒಳಗೆ ಕರೆದು, “ನೋಡಿಯಮ್ಮ, ನನ್ನ ಹತ್ರ ಬರೋರ ಹೆಸರನ್ನ ನೀವು ಕೂಗೋ ಹಾಗಿಲ್ಲ, ನಂಬರ್ರೂ ಬೇಡ” ಎಂದಾಗ ಅವಳು ಬೇರೆಯವರಂತೆ ಗೊಣಗಲಿಲ್ಲ. ಕಣ್ಣು, ಚರ್ಮ, ಮನಸ್ಸು, ಈ ಮೂರು ವಿಭಾಗಗಳಿಗೂ ಸೇರಿ ಒಂದೇ ಸಾಲು ಬೆಂಚು. ಅಲ್ಲಿ ಕೂತವರು ಕಣ್ಣಿಗೆ ಬಂದವರೋ ತುರಿಕೆಗೆ ಬಂದವರೋ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಕರೆಯುವಾಗ ಮಾತ್ರ ಗುಟ್ಟು ರಟ್ಟಾಗುತ್ತಿತ್ತು. ಅದಕ್ಕೆ ಉಪಾಯ ಹುಡುಕಿದವಳು ಗಂಟಲಮ್ಮನೇ. ಕಣ್ಣಿನವರನ್ನು, ಚರ್ಮದವರನ್ನು ಎಂದಿನಂತೆ ಕೂಗುವಳು. ಮನಸ್ಸಿನವರ ಸರದಿ ಬಂದಾಗ ಬೆಂಚಿನ ಹಿಂದಿನಿಂದ ಸುಮ್ಮನೆ ನಡೆದು ಹೋಗುವಳು. ಯಾರನ್ನು ಕರೆಯಬೇಕೋ ಅವರ ಹೆಗಲ ಮೇಲೆ ಎರಡು ಬೆರಳು ಇಟ್ಟು ತೆಗೆಯುವಳು, ತಿರುಗಿ ನೋಡದೆ ಮುಂದೆ ಹೋಗುವಳು. ಅವರು ಸ್ವಲ್ಪ ಹೊತ್ತು ಬಿಟ್ಟು, ನೀರು ಕುಡಿಯಲು ಎದ್ದವರ ಹಾಗೆ ಎದ್ದು, ತಲೆ ತಗ್ಗಿಸಿ ಹಿಂದಿನ ಬಾಗಿಲಿಂದ ಒಳಗೆ ಬರುವರು. ಬಾಯಿಯಿಂದಲೇ ಹೆಸರು ಮಾಡಿದ ಹೆಂಗಸು ತುಟಿ ಪಿಟಕ್ಕೆನ್ನದೆ ಕೆಲಸ ಮಾಡುವುದನ್ನು ಕಂಡು ಮೇಡಂ ಡಾಕ್ಟರೂ ಮೆಚ್ಚಿಕೊಂಡರು.

ಆಮೇಲೆ ಅವಳು ಹೊರಗಡೆಯೂ ಬಾಯಿಗೆ ಬೀಗ ಹಾಕಿಕೊಂಡಳು. ಅಂಗಡಿಯಲ್ಲೋ ಬಸ್ಸಿನಲ್ಲೋ ತನ್ನ ರೋಗಿಗಳು ಎದುರಾದರೆ ಗುರುತೇ ಇಲ್ಲದವಳಂತೆ ಮುಖ ತಿರುಗಿಸುವಳು. “ಆಸ್ಪತ್ರೇಲಿ ಬಾಗಿಲು ಕಾಯೋಳಿಗೆ ಎಷ್ಟು ಜಂಬ ನೋಡು” ಎಂದು ನೆಂಟರೇ ಆಡಿಕೊಂಡರು. ಯಾರಾದರೂ ಆ ರೋಗಿಗಳಲ್ಲೊಬ್ಬರ ಹೆಸರು ಹಿಡಿದು “ಇಂಥವರು ನಿಮ್ಮಲ್ಲಿಗೆ ಬರ್ತಾರಂತಲ್ಲ?” ಎಂದು ಕೆದಕಿದರೆ ಅವಳದ್ದು ಒಂದೇ ಉತ್ತರ: “ನಂಗೇನೂ ಗೊತ್ತಿಲ್ಲಪ್ಪ.” ಗಂಡ ಕೇಳಿದರೂ ಅದೇ. ಅವನು ತಟ್ಟೆ ಮುಂದೆ ಕೂತು, “ನಾನು ನಿನ್ನ ಗಂಡ ಅನ್ನೋದಾದ್ರೂ ಗೊತ್ತೋ, ಅದೂ ಗೊತ್ತಿಲ್ವೋ?” ಎನ್ನುವನು. “ಊಟ ಮಾಡ್ರೀ ಸುಮ್ನೆ” ಎನ್ನುವಳು. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಅವಳು ಅಕ್ಷರಶಃ ಪಾಲಿಸಿದಳು.

ಆ ಬೆಂಚಿಗೆ ಪ್ರತಿ ತಿಂಗಳು ತಪ್ಪದೆ ಬರುತ್ತಿದ್ದವಳು ಮಿಸ್ಸು. ಮನೆಯ ಮುಂದಿನ ಕೋಣೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದ ಹೆಣ್ಣುಮಗಳು. ಮಕ್ಕಳು ಮಿಸ್ಸು ಎಂದರೆ ದೊಡ್ಡವರೂ ಮಿಸ್ಸು ಎನ್ನುತ್ತಿದ್ದರು. ಹರೆಯದಲ್ಲಿ ಒಮ್ಮೆ ಅವಳಿಗೆ ನಿದ್ದೆ ಬಿಟ್ಟುಹೋಗಿ, ಯಾರೂ ಆಡದ ಮಾತು ಕೇಳಿಸತೊಡಗಿ, ಗೋಡೆಯ ಜೊತೆ ಜಗಳಕ್ಕೆ ನಿಂತಿದ್ದಳು. ಕಟ್ಟಿಕೊಂಡವನು ತವರಿನ ಬಾಗಿಲಲ್ಲಿ ಇಳಿಸಿ ಹೋದವನು ಮತ್ತೆ ತಲೆ ಹಾಕಲಿಲ್ಲ. ಅದು ಬೇರೆ ಊರಿನ ಕತೆ. ಮಾತ್ರೆ ಹಿಡಿಸಿತು, ವಾಸಿಯಾದಳು, ತಾಯಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಒಬ್ಬಳೇ ಬದುಕು ಕಟ್ಟಿಕೊಂಡಳು. ಮಾತ್ರೆ ನುಂಗುತ್ತಿರುವವರೆಗೆ ಅವಳು ನನ್ನ ನಿಮ್ಮ ಹಾಗೇ ಇದ್ದಳು. ನಿಜ ಹೇಳಬೇಕೆಂದರೆ ನಮಗಿಂತ ಒಂದು ಕೈ ಮೇಲೇ ಇದ್ದಳು, ಅಷ್ಟು ಮಕ್ಕಳನ್ನು ದಿನವಿಡೀ ಸಂಭಾಳಿಸಿ ಸಂಜೆಗೂ ನಗುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಗಂಟಲಮ್ಮನ ಮಗಳು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳು. ಮಗು ಹುಟ್ಟಿ, ಮತ್ತೆ ಕೆಲಸಕ್ಕೆ ಹೋಗುವ ಹೊತ್ತು ಬಂದಾಗ ಕೂಸನ್ನು ಎಲ್ಲಿ ಬಿಡುವುದು ಎಂಬ ಮಾತು ಬಂತು. “ಮಿಸ್ಸಿನ ಹತ್ರ ಬಿಡು” ಎಂದಳು ಗಂಟಲಮ್ಮ.

“ಅದೇನಮ್ಮ ಅಷ್ಟು ಖಡಾಖಂಡಿತ? ನಿನಗೆ ಅವರು ಗೊತ್ತಾ?”

“ನಂಗೇನು ಗೊತ್ತು? ನೋಡಿದ್ರೆ ಒಳ್ಳೆಯವಳ ಹಾಗೆ ಕಾಣ್ತಾಳೆ.”

ಒಳಗಿನ ಕಾರಣ ಬೇರೆ. ಮಳೆಯಿರಲಿ, ಜ್ವರವಿರಲಿ, ಒಂದೇ ಒಂದು ತಿಂಗಳು ತಪ್ಪಿಸದೆ ಬಂದು ತನ್ನ ಮಾತ್ರೆ ಒಯ್ಯುವ ಹೆಂಗಸು ಮಗುವಿನ ಹಾಲಿನ ಹೊತ್ತನ್ನು ತಪ್ಪಿಸುತ್ತಾಳೆಯೇ? ಇದನ್ನು ಮಗಳಿಗೆ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಮಗು ಅಲ್ಲಿ ಚೆನ್ನಾಗಿ ಬೆಳೆಯಿತು. ಮಾತು ಕಲಿಯಿತು, ಚಮಚ ಹಿಡಿಯಲು ಕಲಿಯಿತು. ಸಂಜೆ ಕರೆದುಕೊಂಡು ಬರಲು ಹೋದಾಗ ಗಂಟಲಮ್ಮನೂ ಮಿಸ್ಸೂ ಬಾಗಿಲಲ್ಲಿ ನಿಂತು ಹಲ್ಲು ಬಂದದ್ದು, ನೆಗಡಿ ಆದದ್ದು ಮಾತಾಡುವರು. ಆಸ್ಪತ್ರೆಯ ಮಾತು ಇಬ್ಬರ ಬಾಯಲ್ಲೂ ಬಂದದ್ದಿಲ್ಲ. ಆ ಬಾಗಿಲಲ್ಲಿ ಅವರು ಒಬ್ಬಳು ಅಜ್ಜಿ, ಒಬ್ಬಳು ಮಿಸ್ಸು, ಅಷ್ಟೆ.

ಹೀಗೆಯೇ ನಡೆದುಕೊಂಡು ಹೋಗಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಹಾಗೆ ನಡೆಯಲಿಲ್ಲ.

ಶಿಶುವಿಹಾರದಲ್ಲಿ ಮಕ್ಕಳ ಹಾಡು ಕುಣಿತದ ದಿನ ಬಂತು. ಕೋಣೆಯಲ್ಲಿ ಎಲ್ಲಿಂದಲೋ ತಂದ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ತಾಯಂದಿರೆಲ್ಲ ಒತ್ತೊತ್ತಾಗಿ ಕೂತಿದ್ದರು. ಮಿಸ್ಸೂ ಹಿಂದಿನ ಬೆಂಚಿನ ತುದಿಯಲ್ಲಿ ಅವರ ಮಧ್ಯೆಯೇ ಕೂತು, ಮಕ್ಕಳಿಗೆ ಸಾಲು ಮರೆತಾಗ ಸನ್ನೆ ಮಾಡುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಫೋಟೋದವನು ಗಂಟಲಮ್ಮನಿಗೆ, “ಅಜ್ಜಿ, ಮಿಸ್ಸನ್ನ ಕರೀರಿ, ಬೆಳಕಿರೋವಾಗಲೇ ಮಕ್ಕಳನ್ನ ಹೊರಗೆ ಎಲ್ಲಿ ನಿಲ್ಲಿಸೋದು ಅಂತ ನೋಡ್ಬಿಡೋಣ” ಎಂದ. ಮಕ್ಕಳು ಹಾಡುತ್ತಿದ್ದರು, ಕೂಗುವಂತಿರಲಿಲ್ಲ. ಗಂಟಲಮ್ಮ ಬೆಂಚಿನ ಹಿಂದಿನಿಂದ ಹೋದಳು. ಸಾಲಾಗಿ ಕೂತ ಜನ, ತಿರುಗಿ ನೋಡದ ಬೆನ್ನುಗಳು, ತುದಿಯಲ್ಲೊಂದು ಬಾಗಿಲು. ಕೆಲಸ ಕಲಿತ ಕೈ ಇದೆಯಲ್ಲ, ಅದು ಯಜಮಾನಿಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಎರಡು ಬೆರಳು ಮಿಸ್ಸಿನ ಹೆಗಲ ಮೇಲೆ ಕೂತವು, ಎದ್ದವು. ಗಂಟಲಮ್ಮ ತಿರುಗಿ ನೋಡದೆ ಬಾಗಿಲ ಕಡೆ ನಡೆದಳು.

ಅಷ್ಟಕ್ಕೇ ಮುಗಿದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಮಿಸ್ಸು “ಏನಮ್ಮ?” ಎಂದು ತಿರುಗಿ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅವಳ ಮೈಗೂ ಅಭ್ಯಾಸವಾಗಿತ್ತಲ್ಲ. ನಗುತ್ತಿದ್ದ ಮುಖ ಬಿಗಿಯಾಯಿತು, ಸನ್ನೆ ಮಾಡುತ್ತಿದ್ದ ಕೈ ಮಡಿಲಿಗೆ ಇಳಿಯಿತು. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಮೆಲ್ಲನೆ ಎದ್ದು, ತನ್ನದೇ ಮನೆಯಲ್ಲಿ, ತನ್ನದೇ ಮಕ್ಕಳ ಹಾಡಿನ ನಡುವೆ, ತಲೆ ತಗ್ಗಿಸಿಕೊಂಡು ಗಂಟಲಮ್ಮನ ಹಿಂದೆ ನಡೆದು ಬಂದಳು. ಬಾಗಿಲ ಹತ್ತಿರ ಗಂಟಲಮ್ಮ ತಿರುಗಿದಳು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಮಿಸ್ಸು ಮೆತ್ತಗೆ, “ಏನಮ್ಮ ಇದು?” ಎಂದಳು.

ಆ ಬೆಂಚಿನ ಮೇಲೆ ಟೈಲರಮ್ಮ ಇದ್ದಳು. ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು, ಅವಳ ಮಗನೂ ಇದೇ ಶಿಶುವಿಹಾರದ ಹುಡುಗ. ಅವಳ ತಮ್ಮ ಮೇಡಂ ಡಾಕ್ಟರ ರೋಗಿ. ತಮ್ಮನ ಪಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಆ ಎರಡು ಬೆರಳಿಗಾಗಿ ಅವಳು ಎಷ್ಟೋ ಸಲ ಕಾದಿದ್ದಳು. ಬರುವ ದಿನ ಬೇರೆ ಬೇರೆಯಾದ್ದರಿಂದ ಮಿಸ್ಸನ್ನು ಮಾತ್ರ ಅಲ್ಲಿ ಕಂಡಿರಲಿಲ್ಲ. ಮಿಸ್ಸು ಎದ್ದು ಹೋದದ್ದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಮುಂದಿನ ಸಲ ತಮ್ಮನನ್ನು ಕರೆತಂದಾಗ ಟೈಲರಮ್ಮ ಗಂಟಲಮ್ಮನನ್ನು ಮೂಲೆಗೆ ಎಳೆದಳು.

“ಅಮ್ಮಾ, ಒಂದೇ ಮಾತು ಕೇಳ್ತೀನಿ. ನನ್ನ ಮಗನ್ನ ಅವರ ಕೈಲಿ ಬಿಟ್ಟಿದ್ದೀನಿ, ಅದಕ್ಕೆ ಕೇಳ್ತಿದ್ದೀನಿ. ಮಿಸ್ಸು ಇಲ್ಲಿಗೆ ಬರ್ತಾರಾ?”

“ನಂಗೇನೂ ಗೊತ್ತಿಲ್ಲಮ್ಮ.”

“ನನ್ನ ನಾದಿನಿ ನಮ್ಮ ತಮ್ಮನ ವಿಷಯ ಕೇಳಿದಾಗಲೂ ನೀವು ಇದೇ ಮಾತು ಹೇಳಿದ್ರಂತೆ. ಇದೇ ಥರ, ಗೋಡೆ ನೋಡ್ಕೊಂಡು. ಬರದೇ ಇರೋರನ್ನ ಕೇಳಿದ್ರೆ ನೀವು ‘ಥೂ, ಅವರ್ಯಾಕೆ ಇಲ್ಲಿ ಬರ್ತಾರೆ, ಹೋಗ್ರೇ’ ಅಂತ ಬೈದು ಕಳಿಸ್ತೀರಿ.”

ಇಷ್ಟು ವರ್ಷ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡಿದ್ದಳಲ್ಲ ಗಂಟಲಮ್ಮ, ಅವಳ ಗೊತ್ತಿಲ್ಲ ಎಂಬ ಮಾತನ್ನೇ ಜನ ಹೌದು ಎಂದು ಓದಿಕೊಳ್ಳುತ್ತಿದ್ದರು.

“ನಿನ್ನ ತಮ್ಮಂದು ನಾಳೆ ಯಾರಾದ್ರೂ ಹೀಗೆ ಬೀದೀಲಿ ಆಡಿದ್ರೆ ನಿನಗೆ ಹೇಗಿರತ್ತೆ?” ಎಂದಳು.

“ನನ್ನ ತಮ್ಮ ಯಾರ ಮಕ್ಕಳನ್ನೂ ಸಾಕ್ತಿಲ್ಲವಲ್ಲಮ್ಮ. ನಾನು ಬೀದೀಲಿ ಎಲ್ಲಿ ಆಡಿದೆ? ಅವತ್ತು ಅವರೇ ಎದ್ದು ಬಂದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯ್ತು.”

ಟೈಲರಮ್ಮ ಕೆಟ್ಟವಳಲ್ಲ. ಒಬ್ಬರಿಗೆ ಮಾತ್ರ, ಅದೂ “ಯಾರಿಗೂ ಹೇಳಬೇಡಿ” ಎಂದು ಹೇಳಿಯೇ ಹೇಳಿದಳು. ಅವರೂ ಹಾಗೆ ಹೇಳಿಯೇ ಇನ್ನೊಬ್ಬರಿಗೆ ದಾಟಿಸಿದರು. ಊರ ಬಾಯಿ ಮುಚ್ಚುವ ಮುಚ್ಚಳವನ್ನು ಇನ್ನೂ ಯಾರೂ ಮಾಡಿಲ್ಲ. ಒಂದು ಮಗುವಿಗೆ ಇದ್ದಕ್ಕಿದ್ದಂತೆ ಧೂಳಿನ ಅಲರ್ಜಿ ಬಂತು, ಇನ್ನೊಂದಕ್ಕೆ ಅಜ್ಜಿ ಬಂದು ನೋಡಿಕೊಳ್ಳುತ್ತಾಳಂತೆ, ಮತ್ತೊಂದರ ಅಪ್ಪನಿಗೆ ದಾರಿ ದೂರವಾಯಿತಂತೆ. ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಮಿಸ್ಸು ಜಗಳವಾದರೂ ಆಡಬಹುದಿತ್ತು. ಎಲ್ಲರೂ ನಗುನಗುತ್ತಾ ಮಗುವಿನ ಬಟ್ಟೆಯ ಚೀಲ ತೆಗೆದುಕೊಂಡು ಹೋದರು.

ಒಂದು ಸಂಜೆ ಗಂಟಲಮ್ಮನ ಮಗಳು ಮಗುವನ್ನು ಕರೆದೊಯ್ಯಲು ಕೆಲಸದಿಂದ ನೇರ ತಾಯಿಯ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

“ಅಮ್ಮ, ಮಿಸ್ಸಿಗೆ ತಲೆ ಸರಿ ಇಲ್ವಂತೆ. ನಿಮ್ಮ ಆಸ್ಪತ್ರೆಗೇ ಬರ್ತಾರಂತೆ. ನಿಜಾನಾ?”

ಗಂಟಲಮ್ಮ ಒಲೆಯ ಕಡೆ ತಿರುಗಿದಳು. ಮಗಳು ಬಂದು ಅವಳ ರಟ್ಟೆ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. “ಗೊತ್ತಿಲ್ಲ ಅನ್ನಬೇಡ. ಆ ಮಾತು ಬೇರೆಯವರಿಗೆ ಇಟ್ಕೋ. ನನ್ನ ಮಗು ಅಲ್ಲಿರತ್ತೆ. ಹೌದು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು.”

ಅತ್ತ ದರಿ, ಇತ್ತ ಪುಲಿ. ಹೌದು ಎಂದರೆ ಶಿಶುವಿಹಾರದ ಕತೆ ಮುಗಿಯಿತು. ಗೊತ್ತಿಲ್ಲ ಎಂದರೂ ಅದೇ. ಹಿಂದಿನ ದಿನವಷ್ಟೇ ಮಿಸ್ಸು ಮಗುವನ್ನು ಅವಳ ಕೈಗೆ ಕೊಡುತ್ತಾ, “ನಿಮ್ಮ ಮೊಮ್ಮಗಳೊಬ್ಬಳು ಇಲ್ಲಿ ಉಳಿದ್ರೆ ಸಾಕಮ್ಮ. ಆಸ್ಪತ್ರೆಯವರ ಮೊಮ್ಮಗಳೇ ಇದ್ದಾಳಲ್ಲ ಅಂತ ಉಳಿದವರಿಗೂ ಧೈರ್ಯ ಬರತ್ತೆ. ನನಗೆ ಇದು ಬಿಟ್ರೆ ಇನ್ನೇನಿದೆ ಹೇಳಿ” ಎಂದಿದ್ದಳು. ಗಂಟಲಮ್ಮ ಮಗಳ ಕಣ್ಣನ್ನೇ ನೋಡಿದಳು. ಜೀವನದಲ್ಲಿ ಮೊದಲ ಸಲ ಕೆಲಸದ ವಿಷಯದಲ್ಲಿ ಶುದ್ಧ ಸುಳ್ಳು ಹೇಳಿದಳು.

“ಇಲ್ಲ ಕಣೇ. ಅವಳ್ಯಾಕೆ ಅಲ್ಲಿಗೆ ಬರ್ತಾಳೆ? ಯಾರೋ ಹೊಟ್ಟೆಕಿಚ್ಚಿಗೆ ಹೇಳಿರೋದು.”

ಮಗಳು ನಂಬಿದಳು. ಅಮ್ಮ ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳೇ ನಾಲ್ಕು ಜನರಿಗೆ, “ನಮ್ಮಮ್ಮನ್ನೇ ಕೇಳಿದ್ದೀನಿ, ಅದೆಲ್ಲ ಸುಳ್ಳು” ಎಂದಳು. ಹೋಗಿದ್ದ ಮಕ್ಕಳಲ್ಲಿ ಕೆಲವರು ವಾಪಸು ಬಂದರು. ಗಂಟಲಮ್ಮನಿಗೆ ಹೋದ ಉಸಿರು ಬಂದಂತಾಯಿತು.

ಸಮಾಧಾನ ಹೆಚ್ಚು ಕಾಲ ನಿಲ್ಲಲಿಲ್ಲ. ಆ ತಿಂಗಳು ಮಿಸ್ಸು ಆಸ್ಪತ್ರೆಗೆ ಬರಲಿಲ್ಲ.

ಸಂಜೆ ಮಗುವನ್ನು ಕರೆದುಕೊಳ್ಳಲು ಹೋದಾಗ ಗಂಟಲಮ್ಮ ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿ ಕೇಳಿದಳು. “ಯಾಕಮ್ಮ ಬರಲಿಲ್ಲ?”

“ಹೇಗೆ ಬರಲಿ? ಟೈಲರಮ್ಮ ಈಗ ಯಾವತ್ತು ಬೇಕಾದ್ರೂ ಆ ಬೆಂಚಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತಾಳೆ. ನಾನು ಅಲ್ಲಿಗೆ ಬರೋಳಲ್ಲ ಅಂತ ನೀವೇ ಹೇಳಿದ್ರಲ್ಲಮ್ಮ. ಈಗ ಬಂದ್ರೆ ನಿಮ್ಮ ಮಾತೂ ಹೋಗತ್ತೆ, ನನ್ನ ಮಕ್ಕಳೂ ಹೋಗ್ತಾರೆ.”

“ನನ್ನ ಮಾತು ಹಾಳಾಗಿ ಹೋಗಲಿ! ಮಾತ್ರೆ?”

“ಇದ್ದದ್ದನ್ನ ಅರ್ಧ ಅರ್ಧ ತಗೊಳ್ತಿದ್ದೀನಿ. ಇಷ್ಟು ವರ್ಷ ಏನೂ ಆಗಿಲ್ಲ, ವಾಸಿಯಾಗಿದೆಯೋ ಏನೋ.”

ಬೇರೆ ಊರಿನ ಆಸ್ಪತ್ರೆಗೆ ಹೋಗು ಎಂದಳು ಗಂಟಲಮ್ಮ. ಹೋಗಬೇಕೆಂದರೆ ದಿನವಿಡೀ ಬಾಗಿಲು ಹಾಕಬೇಕು, ಬಾಗಿಲು ಹಾಕಿದರೆ ಅದಕ್ಕೊಂದು ಮಾತು ಹುಟ್ಟುತ್ತದೆ ಎಂದಳು ಮಿಸ್ಸು. ನಾನೇ ಮಾತ್ರೆ ತಂದುಕೊಡುತ್ತೇನೆ ಎಂದು ಗಂಟಲಮ್ಮ ಔಷಧಿ ಕಿಟಕಿಯಲ್ಲಿ ಬೇಡಿದಳು. ಡಾಕ್ಟರು ರೋಗಿಯನ್ನು ನೋಡದೆ ಆ ಮಾತ್ರೆ ಕೊಡುವಂತಿಲ್ಲ ಎಂದರು ಕಿಟಕಿಯವರು. ಕೊನೆಗೆ ಮೇಡಂ ಡಾಕ್ಟರ ಕೋಣೆಗೆ ಹೋಗಿ ಅತ್ತೇ ಬಿಟ್ಟಳು. ಮೇಡಂ ಫೈಲು ತೆಗೆಸಿ ನೋಡಿದರು. ಮನೆಗೆ ಫೋನ್ ಮಾಡಬಾರದು, ಯಾರನ್ನೂ ಕಳಿಸಬಾರದು ಎಂದು ಮಿಸ್ಸು ಮೊದಲ ದಿನವೇ ಬರೆಸಿದ್ದಳು.

“ಇದನ್ನ ಮೀರೋಕೆ ನನಗಾಗಲ್ಲಮ್ಮ. ಆಸ್ಪತ್ರೆಯಿಂದ ಫೋನ್ ಹೋಗಿ ಅಲ್ಲಿ ಯಾವುದೋ ಮಗುವಿನ ತಾಯಿ ತಗೊಂಡ್ರೆ? ನೀವು ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ. ಬೇಕಾದ್ರೆ ಎಲ್ಲರೂ ಹೋದ ಮೇಲೆ ಬರಲಿ, ನಾನು ಕಾಯ್ತೀನಿ.”

ಆ ಮಾತನ್ನು ಗಂಟಲಮ್ಮ ಹೊತ್ತುಕೊಂಡು ಹೋದಳು. ಬರುತ್ತೇನೆ ಎಂದಳು ಮಿಸ್ಸು. ನಾಳೆ ಎಂದಳು, ನಾಡಿದ್ದು ಎಂದಳು. ಗಂಟಲಮ್ಮ ದಿನಾ ಕೇಳಿದಳು, ಗದರಿದಳು, ಕೈ ಮುಗಿದಳು. ಆಮೇಲಾಮೇಲೆ ಮಿಸ್ಸು ಅವಳನ್ನು ನೋಡಿದರೆ ಮಗುವನ್ನು ಹೊಸ್ತಿಲಲ್ಲಿ ಕೊಟ್ಟು ಬಾಗಿಲು ಹಾಕಿಕೊಳ್ಳತೊಡಗಿದಳು. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಮಾತಾಡುವಾಗ ಮಧ್ಯೆ ನಿಲ್ಲಿಸಿ ಏನನ್ನೋ ಆಲಿಸುವಳು. ಆಸ್ಪತ್ರೆಯಲ್ಲಿ ಇಂಥ ಮುಖಗಳನ್ನು ಕಂಡಿದ್ದ ಗಂಟಲಮ್ಮನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮಗಳಿಗೆ ಈಗಲಾದರೂ ನಿಜ ಹೇಳಿಬಿಡಲೇ ಎಂದುಕೊಳ್ಳುವಳು, ಹೇಳಿದರೆ ಆ ಬಡ ಜೀವದ ಕೊನೆಯ ಆಸರೆಯನ್ನೂ ಕಿತ್ತಂತಾಗುತ್ತದೆ ಎಂದು ಸುಮ್ಮನಾಗುವಳು. ಅವಳು ಹೆದರಿದ್ದಳು. ಮಗುವಿಗಾಗಿಯೂ ಹೆದರಿದ್ದಳು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಷ್ಟು ವರ್ಷ ಅವರ ನಡುವೆ ಬದುಕಿಯೂ ನನಗೆ ಈ ಹೆದರಿಕೆಯೇ ಎಂದು ತನ್ನ ಮೇಲೆಯೇ ಸಿಟ್ಟಾಗುವಳು.

ಅದು ನಡೆದದ್ದು ಒಂದು ಬೆಳಗ್ಗೆ. ಮಿಸ್ಸು ಎಲ್ಲ ತಾಯಂದಿರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, “ಈಗಲೇ ಬಂದು ಮಗುವನ್ನ ಕರ್ಕೊಂಡು ಹೋಗಿ, ತಡ ಮಾಡಬೇಡಿ” ಎಂದಳಂತೆ. ಪಕ್ಕದ ಮನೆಯಾಕೆಯನ್ನು ಕರೆದು, ಮಕ್ಕಳನ್ನೆಲ್ಲ ಅಂಗಳದ ನೆರಳಲ್ಲಿ ಕೂರಿಸಿ, ಪ್ರತಿಯೊಂದರ ಹೆಗಲಿಗೂ ಚೀಲ ಹಾಕಿ, ನೀರಿನ ಬಾಟಲಿ ಕೈಗೆ ಕೊಟ್ಟಳಂತೆ. ಆಮೇಲೆ ತಾನು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ತಾಯಂದಿರು ಬಂದು ನೋಡುವಾಗ ಮಕ್ಕಳು ಬಿಸ್ಕತ್ತು ತಿನ್ನುತ್ತಾ ಕೂತಿದ್ದವು. ಒಳಗಿನಿಂದ ಅವಳು ಯಾರ ಜೊತೆಯೋ ಜಗಳ ಆಡುತ್ತಾ ಕಿರುಚುವುದು ಬೀದಿಯವರೆಗೆ ಕೇಳುತ್ತಿತ್ತು. ಬಾಗಿಲು ಒಡೆದರು. ನಾಲ್ಕು ಜನ ಹಿಡಿದು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಯ ಮುಂಬಾಗಿಲಿಗೇ ತಂದರು. ಬೆಂಚಿನವರೆಲ್ಲ ಎದ್ದು ನಿಂತು ನೋಡಿದರು.

ಕೈ ಮೀರುತ್ತಿದೆ ಎಂದು ತಿಳಿದ ಗಳಿಗೆಯಲ್ಲೂ ಅವಳು ಮೊದಲು ಮಾಡಿದ್ದು ಮಕ್ಕಳನ್ನು ತನ್ನಿಂದ ದೂರ ಕೂರಿಸಿದ್ದು. ಒಂದು ಮಗುವಿನ ಉಗುರಿಗೂ ನೋವಾಗಿರಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೇ? ಯಾರೂ ಆಡಲಿಲ್ಲ.

ಗುಂಪಿನ ಹಿಂದೆ ಮಗುವನ್ನು ಎತ್ತಿಕೊಂಡು ಗಂಟಲಮ್ಮನ ಮಗಳು ನಿಂತಿದ್ದಳು. ವಾರ್ಡಿನ ನರ್ಸು ಮಿಸ್ಸನ್ನು ಕಂಡವಳೇ, “ಅಯ್ಯೋ, ಇವರಾ! ಇವರು ನಮ್ಮವರೇ, ಫೈಲಿದೆ ತರ್ತೀನಿ” ಎಂದು ಓಡಿದಳು. ಮಗಳು ಅಮ್ಮನ ಮುಖ ನೋಡಿದಳು. ಮಗುವಿನ ತಲೆಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡು ಹೊರಟುಹೋದಳು. ಅವತ್ತಿನಿಂದ ಮಗುವನ್ನು ಗಂಟಲಮ್ಮನ ಮನೆಗೂ ಕಳಿಸಲಿಲ್ಲ. “ಸ್ವಲ್ಪ ದಿನ ಬಿಡು, ಸರಿ ಹೋಗತ್ತೆ” ಎಂದ ಗಂಡ. ಅವನಿಗೂ ಆಗ ತಮಾಷೆ ಹೊಳೆಯಲಿಲ್ಲ.

ವಾರ್ಡಿನಲ್ಲಿ ಮಾತ್ರೆ ಮತ್ತೆ ಹಿಡಿಸಿತು. ಮಿಸ್ಸು ನಿದ್ದೆ ಮಾಡಿದಳು, ಉಂಡಳು, ಮೆಲ್ಲಮೆಲ್ಲನೆ ಮೊದಲಿನ ಹಾಗಾದಳು. ಗಂಟಲಮ್ಮ ಕೆಲಸದ ನಡುವೆ ಹೋಗಿ ಅವಳ ಮಂಚದ ಪಕ್ಕ ಕೂರುವಳು. ಒಂದು ದಿನ ತಡೆಯಲಾರದೆ, “ನನ್ನ ಕೈ ಕತ್ತರಿಸಿ ಹಾಕಬೇಕು ಕಣಮ್ಮ” ಎಂದು ಬಿಕ್ಕಿದಳು.

“ಬಿಡಿ. ನಿಮ್ಮ ಕೈ ಮುಟ್ಟಿತು, ನನ್ನ ಕಾಲು ಎದ್ದಿತು. ಯಾರನ್ನ ಬೈಯೋದು?” ಎಂದಳು ಮಿಸ್ಸು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಕೂತು, “ಅಮ್ಮ, ಒಂದು ಕೆಲಸ ಮಾಡಿಕೊಡಿ. ನಾನು ಹುಚ್ಚಿ ಅನ್ನೋದು ಈಗ ಎಲ್ಲರಿಗೂ ಗೊತ್ತಾಯ್ತು. ಇಷ್ಟು ವರ್ಷ ಚೆನ್ನಾಗಿದ್ದೆ ಅನ್ನೋದು ಯಾರಿಗೂ ಗೊತ್ತಿಲ್ಲ. ತಿಂಗಳು ತಿಂಗಳು ಬಂದೆ, ಮಾತ್ರೆ ತಗೊಂಡೆ, ಮಕ್ಕಳನ್ನ ನೋಡಿಕೊಂಡೆ. ಅದನ್ನ ಕಂಡವರು ಇಲ್ಲಿ ನೀವು, ಮೇಡಂ, ಇಬ್ಬರೇ. ಇನ್ನು ಮುಚ್ಚಿಡಬೇಡಿ. ನಾನೇ ಹೇಳ್ತಿದ್ದೀನಲ್ಲ, ಎಲ್ಲರಿಗೂ ಹೇಳಿ. ಹೇಳಿದ್ರೆ ಅರ್ಥ ಆಗತ್ತೆ” ಎಂದಳು.

ಮೇಡಂ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡು ಮಿಸ್ಸನ್ನು ಮತ್ತೆ ಮತ್ತೆ ಕೇಳಿದರು. ಖಂಡಿತ ಹೇಳಲಿ ಎಂದಳು ಮಿಸ್ಸು. ಹಾಗಾಗಿ ಗಂಟಲಮ್ಮ ರಜಾ ಹಾಕಿ ಮೊದಲು ಮಗಳ ಮನೆಗೇ ಹೋದಳು. ಮಗಳ ಜೊತೆ ಟೈಲರಮ್ಮನೂ ಕೂತಿದ್ದಳು, ಇನ್ನೂ ಒಬ್ಬಿಬ್ಬರು ತಾಯಂದಿರಿದ್ದರು. ಒಳ್ಳೆಯದೇ ಆಯಿತು, ಒಟ್ಟಿಗೇ ಹೇಳುತ್ತೇನೆ ಎಂದುಕೊಂಡಳು. ನಿಂತೇ ಹೇಳಿದಳು. ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು. ತಾನು ಸುಳ್ಳು ಹೇಳಿದ್ದು ಯಾಕೆ, ಮಾತ್ರೆ ತಪ್ಪಿದ್ದು ಯಾಕೆ ಎಂಬುದನ್ನೂ ಹೇಳಿದಳು.

“ಅವಳು ನಮ್ಮಲ್ಲಿಗೆ ಬರೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು ಕಣ್ರೇ. ಒಂದು ತಿಂಗಳೂ ತಪ್ಪಿಸಿದೋಳಲ್ಲ. ನಿಮ್ಮ ಮಕ್ಕಳು ಅವಳ ಕೈಗೆ ಬರೋಕೆ ಮುಂಚಿನಿಂದ ಮಾತ್ರೆ ತಗೊಂಡು ಗಟ್ಟಿಯಾಗಿದ್ಲು. ನನಗೆ ಗೊತ್ತಿದ್ದೇ ನನ್ನ ಮೊಮ್ಮಗಳನ್ನ ಅಲ್ಲಿ ಬಿಡು ಅಂದಿದ್ದು. ನಾವು ಮಾತಾಡಿ ಮಾತಾಡಿ ಮಾತ್ರೆ ತಪ್ಪಿಸಿದ್ವಿ, ಅದಕ್ಕೇ ಹೀಗಾಯ್ತು. ಈಗ ಮತ್ತೆ ಸರಿ ಹೋಗಿದ್ದಾಳೆ.”

ಮಗಳ ಮುಖದ ಬಣ್ಣ ಇಳಿಯಿತು.

“ಅಂದ್ರೆ ನಾನು ಮಗು ಬಿಟ್ಟ ಮೊದಲ ದಿನದಿಂದಲೂ ಅವಳು ಹುಚ್ಚಿನೇ?” ಎಂದಳು. “ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಿಡು ಅಂದೆ.”

“ನಾನು ಹೇಳಿದ್ದು ಹಾಗಲ್ಲವಲ್ಲೇ...”

“ಇನ್ನು ಹೇಗಮ್ಮ?”

ಟೈಲರಮ್ಮ ತಲೆ ತಗ್ಗಿಸಿದಳು. ಅವಳಿಗೆ ತಮ್ಮನ ನೆನಪಾಯಿತೋ ಏನೋ, ಅರ್ಧ ಬಾಯಿ ತೆರೆದಳು. ಉಳಿದವರ ಮುಖ ನೋಡಿ ಮತ್ತೆ ಮುಚ್ಚಿಕೊಂಡಳು.

ಮೂರನೆಯ ದಿನ ಮಿಸ್ಸನ್ನು ಮನೆಗೆ ಕಳಿಸುವ ದಿನ. ಅವಳು ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟುಕೊಂಡು ಮಂಚದ ತುದಿಯಲ್ಲಿ ಕಾಯುತ್ತಿದ್ದಳು. ಗಂಟಲಮ್ಮ ಬಂದ ಕೂಡಲೇ ಕೈ ಹಿಡಿದಳು.

“ಹೇಳಿದ್ರಾ?”

“ಹೇಳಿದೆ.”

“ಎಲ್ಲಾ ಹೇಳಿದ್ರಾ? ಏನಂದ್ರು?”

ಆ ಮುಖವನ್ನು ನೋಡಿಕೊಂಡು ನಿಜ ಹೇಳುವ ಶಕ್ತಿ ಗಂಟಲಮ್ಮನಿಗೆ ಇರಲಿಲ್ಲ. “ನೋಡೋಣ ಅಂದ್ರು” ಎಂದಳು.

ಮಿಸ್ಸು ಆ ಸಂಜೆಯೇ ಕೋಣೆ ಗುಡಿಸಿ ಒರೆಸಿದಳು. ಮುರಿದ ಚಿಲಕವನ್ನು ಸರಿ ಮಾಡಿಸಿದಳು. ಬೆಳಗ್ಗೆ ಗಂಟಲಮ್ಮ ಕೆಲಸಕ್ಕೆ ಹೋಗುವಾಗ ಅವಳು ಪುಟ್ಟ ಚಾಪೆಗಳನ್ನೆಲ್ಲ ಹಾಸಿ, ಹಾಲು ಕಾಯಿಸಿಟ್ಟು, ಬಾಗಿಲು ತೆರೆದುಕೊಂಡು ಕೂತಿದ್ದಳು.